ಪದ ಬೇಕಿದೆ, ಗುರುವಾರದೊಳಗೆ: ‘ಡಾರ್ಕ್ ಮ್ಯಾಟರ್’, ‘ಡೈರೆಕ್ಟ್ ಡಿಟೆಕ್ಷನ್’, ‘ರಿಕಾಯಿಲ್’

ಅರಸೀಕೆರೆ, ಸೋಮವಾರ ಸಂಜೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶನಿವಾರ ನಮ್ಮಲ್ಲಿ ವಿಜ್ಞಾನ ಮೇಳ. ಒಂಬತ್ತನೇ ತರಗತಿಯ ಆರು ಮಕ್ಕಳು ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ತೂಕದ ಸೆಳೆತದಿಂದಷ್ಟೇ ಗೊತ್ತಾಗುವ ವಸ್ತು, ಅದನ್ನು ಹುಡುಕುವ ಯಂತ್ರದ ಮಾದರಿ ಮಾಡುತ್ತಿದ್ದಾರೆ. ಅಮೆರಿಕದ ದಕ್ಷಿಣ ಡಕೋಟದ ಹಳೇ ಚಿನ್ನದ ಗಣಿಯೊಳಗೆ ಕೂರಿಸಿರುವ ‘ಎಲ್‌ಝಡ್’ ಅನ್ನುವ ಯಂತ್ರ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಅರ್ಧಕ್ಕೆ ಕೊಯ್ದು ಕ್ಸೆನಾನ್ (ತಂಪು ಮಾಡಿ ದ್ರವವಾಗಿಸಿದ ಅನಿಲ) ತೊಟ್ಟಿ ಮಾಡಿದ್ದಾರೆ. ಬೆಳಕು ಹಿಡಿಯುವ ಟ್ಯೂಬುಗಳ ಜಾಗಕ್ಕೆ ಸೋಡಾ ಬಾಟಲಿಯ ಮುಚ್ಚಳ. ನಿಜವಾದ ತೊಟ್ಟಿಯಲ್ಲಿ ಮೇಲೆ ಕೆಳಗೆ ಸೇರಿ 494 ಟ್ಯೂಬುಗಳಿವೆ. ನಮ್ಮವರು 60 ಅಂಟಿಸಿ ಸುಸ್ತಾಗಿದ್ದಾರೆ.

ಮಾದರಿ ಚೆನ್ನಾಗಿದೆ, ತೊಂದರೆ ಇರುವುದು ಬೋರ್ಡಿನಲ್ಲಿ. ಫ್ಲೆಕ್ಸ್ ಅಂಗಡಿಯವರು ಗುರುವಾರ ಮಧ್ಯಾಹ್ನದೊಳಗೆ ‘ಮ್ಯಾಟರ್ ಕೊಡಿ’ ಅಂದಿದ್ದಾರೆ. ಅವರು ಕೇಳುವ ಮ್ಯಾಟರ್ ಬೇರೆ, ನನ್ನ ತಲೆ ತಿನ್ನುತ್ತಿರುವ ಮ್ಯಾಟರ್ ಬೇರೆ.

ಸದ್ಯಕ್ಕೆ ಬರೆದಿರುವುದು ಹೀಗಿದೆ. ತಲೆಬರಹ: ‘ಕಪ್ಪುದ್ರವ್ಯದ ನೇರ ಪತ್ತೆ’. ಕೆಳಗೆ: ‘ಕಪ್ಪುದ್ರವ್ಯದ ಕಣ ಬಡಿದಾಗ ಕ್ಸೆನಾನ್ ಬೀಜ ಹಿಮ್ಮೆಟ್ಟುತ್ತದೆ. ಆಗ ಹುಟ್ಟುವ ಬೆಳಕನ್ನು ಟ್ಯೂಬುಗಳು ಹಿಡಿಯುತ್ತವೆ. ಹಿನ್ನೆಲೆಯನ್ನು ತಡೆಯಲು ಯಂತ್ರವನ್ನು ನೆಲದಡಿ ಇಟ್ಟಿದ್ದಾರೆ.’ ಓದಿದರೆ ನನಗೇ ಸಮಾಧಾನವಿಲ್ಲ. ‘ಹಿನ್ನೆಲೆ ತಡೆಯೋದು ಅಂದ್ರೇನು ಮಿಸ್?’ ಅಂತ ಒಬ್ಬಳು ಕೇಳಿಯೇಬಿಟ್ಟಳು. ದಯವಿಟ್ಟು ಬೇಗ ತಿದ್ದಿಕೊಡಿ.


ಧಾರವಾಡ, ಸೋಮವಾರ ರಾತ್ರಿ

‘ಕಪ್ಪುದ್ರವ್ಯ’ ಅರಿಸಮಾಸ. ಹಾಕಬೇಡಿ.

ಹಳಗನ್ನಡದಲ್ಲಿ ‘ಪುರುಳ್’ ಇದೆ. ಪಕಾರ ಹಕಾರವಾಗಿ ಇಂದಿನ ‘ಹುರುಳು’. ಸಾರ, ತಿರುಳು, ವಸ್ತು ಎಲ್ಲವೂ ಅದರಲ್ಲಿವೆ. ಕಿಟೆಲ್ ತೆಗೆದು ನೋಡಿ. ತಮಿಳರು ಇದರ ಸೋದರ ಪದವನ್ನೇ ಹಿಡಿದು ‘ಕರುಂಪೊರುಳ್’ ಎಂದು ಯಾವಾಗಲೋ ಮಾಡಿಕೊಂಡಿದ್ದಾರೆ. ನಾವು ‘ಕರಿಹುರುಳು’ ಅಂದರೆ ಮುಗಿಯಿತು. ಇಂಥ ಪದ ಮನೆಯಲ್ಲೇ ಇರುವಾಗ ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುವುದು ಯಾಕೆ?


ಹಾಸನ, ಸೋಮವಾರ ರಾತ್ರಿ

ಮೇಷ್ಟ್ರೇ, ನಮ್ಮ ಕಡೆ ಅದನ್ನು ‘ಕರಿ ಹುರುಳಿ’ ಅಂತಲೇ ಓದುತ್ತಾರೆ. ಹುರುಳಿಕಾಳು ಹುಡುಕೋಕೆ ಗಣಿಗೆ ಯಾಕೆ ಇಳಿದರು ಅಂತ ಊರಿನ ಹಿರಿಯರೊಬ್ಬರು ಕೇಳಿದರೆ ಟೀಚರಮ್ಮ ಏನು ಹೇಳಬೇಕು? ಕಟ್ಟಿನ ಸಾರು ಮಾಡೋಕೆ ಅನ್ನಬೇಕಾ?


ಉಡುಪಿ, ಮಂಗಳವಾರ ಬೆಳಿಗ್ಗೆ

ಹಾಸ್ಯ ಸಾಕು. ‘ತಮೋದ್ರವ್ಯ’ ಅನ್ನಿ. ಮಲಯಾಳದಲ್ಲಿ ಕಪ್ಪುಕುಳಿಗೆ ‘ತಮೋಗರ್ತ’ ಅನ್ನುತ್ತಾರೆ, ಅದರ ಜೊತೆಗೆ ಹೊಂದುತ್ತದೆ. ತೆಲುಗಿನವರು ‘ಕೃಷ್ಣ ಪದಾರ್ಥ’ ಮಾಡಿದ್ದಾರೆ. ಅದು ಬಣ್ಣಕ್ಕೆ ಕಟ್ಟುಬಿದ್ದ ಪದ. ‘ತಮಸ್ಸು’ ಅಂದರೆ ಬಣ್ಣವಲ್ಲ, ಬೆಳಕಿಲ್ಲದಿರುವುದು. ಇಡೀ ಭಾರತಕ್ಕೆ ತಿಳಿಯುವ ಪದ ಬಿಟ್ಟು ಹುರುಳಿ, ಹೆಸರುಕಾಳು ಅಂತ ಕೂತರೆ ವಿಜ್ಞಾನ ಬರೆದ ಹಾಗೆಯೇ.


ಮಲ್ಲೇಶ್ವರ, ಮಂಗಳವಾರ ಬೆಳಿಗ್ಗೆ

ನಾನು ಆರು ವರ್ಷ ಈ ಡಾರ್ಕ್ ಮ್ಯಾಟರ್ ಹುಡುಕುವ ಕೆಲಸವನ್ನೇ ಮಾಡಿದವನು. ಈಗ ಹೊಟ್ಟೆಪಾಡಿಗೆ ಬೇರೆ ಕೆಲಸ. ವ್ಯಾಕರಣ ನಿಮಗೆ ಬಿಟ್ಟೆ. ವಸ್ತುವಿನ ಬಗ್ಗೆ ನಾಲ್ಕು ಮಾತು.

ಕಪ್ಪು ಅನ್ನುವುದು ತಪ್ಪು. ಕಪ್ಪು ವಸ್ತು ಬೆಳಕನ್ನು ಹೀರುತ್ತದೆ, ಅದರ ಹಿಂದಿರುವುದು ಮರೆಯಾಗುತ್ತದೆ. ಇದು ಬೆಳಕನ್ನು ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ಹೇಳಬೇಕೆಂದರೆ ತಿಳಿಗಾಜಿಗಿಂತ ತಿಳಿ. ಅದು ಇದೆ ಅಂತ ಗೊತ್ತಾಗುವುದು ಅದರ ತೂಕದ ಸೆಳೆತದಿಂದ ಮಾತ್ರ. 1933ರಲ್ಲಿ ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ ಕೋಮಾ ಗೊಂಚಲಿನ ಗೆಲಾಕ್ಸಿಗಳ ಓಟ ನೋಡಿ, ಕಾಣುವಷ್ಟು ತೂಕದಿಂದ ಇಷ್ಟು ವೇಗದವನ್ನು ಹಿಡಿದಿಡಲು ಆಗದು ಅಂದರು. ಅವರು ಜರ್ಮನ್‌ನಲ್ಲಿ ಬರೆದದ್ದು ‘ಡುಂಕ್ಲೆ ಮಾಟೇರಿಯೆ’. ಅದಕ್ಕೂ ಮೊದಲು 1906ರಲ್ಲಿ ಪ್ವಾಂಕಾರೆ ಫ್ರೆಂಚ್‌ನಲ್ಲಿ ‘ಮಾತಿಯೇರ್ ಒಬ್‌ಸ್ಕ್ಯೂರ್’ ಅಂದಿದ್ದರು. ಮಬ್ಬಾದದ್ದು, ಕಣ್ಣಿಗೆ ಸಿಗದ್ದು ಅಂತ. ಇವತ್ತಿನ ಫ್ರೆಂಚರು ‘ನ್ವಾರ್’, ಅಂದರೆ ಕಪ್ಪು, ಅನ್ನುತ್ತಾರೆ. ಸ್ಪ್ಯಾನಿಶ್, ಇಟಾಲಿಯನ್‌ನವರು ‘ಓಸ್ಕುರ’ದಲ್ಲೇ ಉಳಿದರು. ಹಾಗಾಗಿ ಈ ಜಗಳ ನಮ್ಮೊಬ್ಬರದೇ ಅಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ‘ನೇರ ಪತ್ತೆ’ ಅಂತ ತಲೆಬರಹ ಕೊಟ್ಟರೆ ಪತ್ತೆಯಾಯಿತು ಅಂತ ಅರ್ಥ. ಆಗಿಲ್ಲ! ಎಲ್‌ಝಡ್‌ನವರು 280 ದಿನಗಳ ಲೆಕ್ಕವನ್ನು 2024ರಲ್ಲಿ ಮುಂದಿಟ್ಟರು. ಹತ್ತು ಟನ್ ಕ್ಸೆನಾನ್, ಅದರಲ್ಲಿ ಏಳು ಟನ್ ಕಣ್ಣುಬಿಟ್ಟು ಕೂತಿರುವ ಭಾಗ, ಸಿಕ್ಕಿದ್ದು ಸೊನ್ನೆ. ಇಟಲಿಯ ಗ್ರಾನ್ ಸಾಸೊದಲ್ಲಿರುವ ಕ್ಸೆನಾನ್‌ಎನ್‌ಟಿ, ಚೀನಾದ ಜಿನ್‌ಪಿಂಗ್‌ನಲ್ಲಿರುವ ಪಾಂಡಾಎಕ್ಸ್, ಅವರದೂ ಇದೇ ಕಥೆ. ಪೊಲೀಸರ ಭಾಷೆಯಲ್ಲಿ ಹೇಳಿದರೆ ಸುಳಿವೂ ಇಲ್ಲ, ಕಳ್ಳನೂ ಪತ್ತೆಯಾಗಿಲ್ಲ. ಬೋರ್ಡಿನಲ್ಲಿ ‘ಹುಡುಕಾಟ’ ಅಂತ ಹಾಕಿ.

ಮೂರನೆಯದು ‘ಹಿಮ್ಮೆಟ್ಟು’. ಸಂಜೆ ಬರೆಯುತ್ತೇನೆ, ಬಸ್ ಬಂತು.


ಉಡುಪಿ, ಮಂಗಳವಾರ

ಪತ್ತೇದಾರ ಕೇಸು ಬಿಡಿಸುವ ಮೊದಲೂ ಪತ್ತೇದಾರನೇ. ‘ಪತ್ತೆ ಕಾರ್ಯ’ ಅಂದರೆ ಸಾಲದೇ?


ಶಿವಮೊಗ್ಗ, ಮಂಗಳವಾರ

ಪತ್ತೆ ಆಗಿಲ್ಲ ಅಂದಿರಲ್ಲ, ಮಲ್ಲೇಶ್ವರದವರೇ, ಅದೇ ಗ್ರಾನ್ ಸಾಸೊದ ‘ಡಾಮಾ’ ಪ್ರಯೋಗದವರು ತೊಂಬತ್ತರ ದಶಕದ ಕೊನೆಯಿಂದ ಕಂಡಿದೆ ಕಂಡಿದೆ ಅನ್ನುತ್ತಿದ್ದಾರೆ. ಅದು ಪತ್ತೆಯಲ್ಲವಾ?


ಮಡಿಕೇರಿ, ಮಂಗಳವಾರ ಮಧ್ಯಾಹ್ನ

‘ರಿಕಾಯಿಲ್’ಗೆ ನೀವೆಲ್ಲ ಕೋಶ ತಿರುವಬೇಕಿಲ್ಲ. ಕೋವಿ ಹಿಡಿದವರಿಗೆ ಗೊತ್ತು. ಕೋವಿ ಒದೆಯುತ್ತದೆ. ಕುಂದೆಯನ್ನು ಹೆಗಲಿಗೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಮಾರನೇ ದಿನ ಹೆಗಲು ನೀಲಿ. ನಾನು ಮೊದಲ ಸಲ ತೋಟಾ ಹಾಕಿ ಹೊಡೆದಾಗ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: ‘ಒದೀತದೆ, ಜಾಗ್ರತೆ.’ ಆದ್ದರಿಂದ ‘ಒದೆತ’. ‘ಹಿಮ್ಮೆಟ್ಟುವಿಕೆ’ ಅನ್ನುವುದು ಸೋತ ಸೈನ್ಯಕ್ಕೆ.


ಹಾಸನ, ಮಂಗಳವಾರ

ಪದ ಚೆನ್ನಾಗಿದೆ. ಆದರೆ ಟೀಚರ್ ‘ಕ್ಸೆನಾನ್ ಬೀಜ’ ಅಂತ ಬರೆದಿದ್ದಾರೆ, ನೆನಪಿರಲಿ. ಹೈಸ್ಕೂಲು ಹುಡುಗರ ಮುಂದೆ ‘ಬೀಜಕ್ಕೆ ಒದೆತ’ ಅಂತ ಆರಡಿ ಫ್ಲೆಕ್ಸ್ ಹಾಕಿದರೆ ಆ ದಿನ ಮೇಳ ನಡೆಯೋದಿಲ್ಲ. ನ್ಯೂಕ್ಲಿಯಸ್ ಅಂತಲೇ ಇರಲಿ ಮೇಡಂ, ನಿಮ್ಮ ಪುಣ್ಯ.


ಅರಸೀಕೆರೆ, ಮಂಗಳವಾರ

ಅಯ್ಯೋ. ಅದು ನನಗೆ ಹೊಳೆಯಲೇ ಇಲ್ಲ. ನ್ಯೂಕ್ಲಿಯಸ್ಸೇ ಇರಲಿ.


ಮಲ್ಲೇಶ್ವರ, ಮಂಗಳವಾರ ರಾತ್ರಿ

ಮಡಿಕೇರಿಯವರ ಒದೆತ ನನಗೂ ಇಷ್ಟ. ಆದರೆ ಇಲ್ಲಿ ಕೂರುವುದಿಲ್ಲ. ಕೋವಿ ಒದೆಯುವುದು ಹೊಡೆದವನನ್ನು, ಹಿಂದಕ್ಕೆ. ಕ್ಸೆನಾನ್ ನ್ಯೂಕ್ಲಿಯಸ್ ಯಾರಿಗೂ ಹೊಡೆಯುತ್ತಿಲ್ಲ, ಹೊಡೆತ ತಿನ್ನುತ್ತಿದೆ. ಎಲ್ಲಿಂದಲೋ ಬಂದ ಕಣ ತಾಗುತ್ತದೆ, ನ್ಯೂಕ್ಲಿಯಸ್ ಮುಂದಕ್ಕೆ ಹೋಗುತ್ತದೆ. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ತಾಗಿದ ಪಾನ್ ಇದ್ದ ಹಾಗೆ. ಸ್ಟ್ರೈಕರ್ ಮಾತ್ರ ಕಾಣುವುದಿಲ್ಲ. ಪಾನ್ ಇದ್ದಕ್ಕಿದ್ದ ಹಾಗೆ ಜರುಗಿದ್ದು ಕಂಡರೆ, ಓ, ಯಾರೋ ಹೊಡೆದರು ಅಂತ ಅರ್ಥ. ಇಡೀ ವಿದ್ಯೆ ಇಷ್ಟೇ. ಇಂಗ್ಲಿಷಿನ ಆ ಪದದಲ್ಲಿರುವ ‘ಹಿಂದಕ್ಕೆ’ ಅನ್ನುವುದನ್ನು ಕನ್ನಡಕ್ಕೆ ಎಳೆದು ತಂದರೆ ಮಕ್ಕಳಿಗೆ ಚಿತ್ರವೇ ಉಲ್ಟಾ ಆಗುತ್ತದೆ.

ಚಿಕ್ಕಂದಿನಲ್ಲಿ ಗೋಲಿ ಆಡುವಾಗ ನಾವು ‘ಚಿಮ್ಮಿತು’ ಅನ್ನುತ್ತಿದ್ದೆವು. ನ್ಯೂಕ್ಲಿಯಸ್ ಚಿಮ್ಮುತ್ತದೆ. ‘ನ್ಯೂಕ್ಲಿಯಸ್ ಚಿಮ್ಮಿಕೆ.’ ಇದು ನನ್ನ ಸಲಹೆ.

ಚಿಮ್ಮಿದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ ಯಂತ್ರಕ್ಕೊಂದು ದಾರಿ. ಕ್ಸೆನಾನ್‌ನಲ್ಲಿ ಬೆಳಕು ಮಿಣುಕುತ್ತದೆ. ಹೆಚ್ಚೂಕಡಿಮೆ ಮೈನಸ್ 100 ಡಿಗ್ರಿಯ ದ್ರವ, ಚಿಮ್ಮಿದ ಜಾಗದಲ್ಲಿ ಕಣ್ಣಿಗೆ ಕಾಣದ ನೇರಳಾಚೆಯ ಮಿಣುಕು. ಅದೇ ಕ್ಷಣ ಅಲ್ಲಿಂದ ಕೆಲವು ಎಲೆಕ್ಟ್ರಾನ್ ಬಿಡುಗಡೆಯಾಗುತ್ತವೆ. ವಿದ್ಯುತ್ ಸೆಳೆತಕ್ಕೆ ಮೇಲೇರಿ, ದ್ರವದ ಮೇಲಿರುವ ಅನಿಲದ ಪದರ ಹೊಕ್ಕಾಗ ಇನ್ನೊಂದು ಮಿಣುಕು ಹುಟ್ಟುತ್ತದೆ. ಮೊದಲನೆಯದಕ್ಕಿಂತ ಜೋರು. ಎರಡರ ನಡುವಿನ ಸಮಯ ನೋಡಿದರೆ ಎಷ್ಟು ಆಳದಲ್ಲಿ ತಾಗಿತು ಅಂತ ಸಿಗುತ್ತದೆ. ಎರಡರ ಪ್ರಮಾಣ ನೋಡಿದರೆ ಚಿಮ್ಮಿದ್ದು ನ್ಯೂಕ್ಲಿಯಸ್ಸೋ ಬರೀ ಎಲೆಕ್ಟ್ರಾನೋ ಅಂತ ಗೊತ್ತಾಗುತ್ತದೆ. ಈ ಎರಡನೆಯದಕ್ಕೆ ನಾನು ಮನಸ್ಸಿನಲ್ಲೇ ‘ಮರುಮಿಣುಕು’ ಅಂತ ಕರೆದುಕೊಳ್ಳುತ್ತಿದ್ದೆ. ಲ್ಯಾಬಿನಲ್ಲಿ ಹೇಳಿಕೊಳ್ಳಲು ಇನ್ನೊಬ್ಬ ಕನ್ನಡದವ ಇರಲಿಲ್ಲ.

ಹರಳಿನ ಯಂತ್ರಗಳದ್ದು ಬೇರೆ. ಜರ್ಮೇನಿಯಂ, ಸಿಲಿಕಾನ್ ಹರಳನ್ನು ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಂಪು ಮಾಡಿ ಇಡುತ್ತಾರೆ. ಒಳಗೊಂದು ನ್ಯೂಕ್ಲಿಯಸ್ ಚಿಮ್ಮಿದರೆ ಇಡೀ ಹರಳು ಅದಿರುತ್ತದೆ, ಆ ಅದಿರಾಟವನ್ನೇ ಅಳೆಯುತ್ತಾರೆ. ಕೆನಡಾದ ಸಡ್‌ಬರಿಯಲ್ಲಿ ನಿಕ್ಕಲ್ ಗಣಿಯ ಎರಡು ಕಿ.ಮೀ. ಆಳದಲ್ಲಿ ‘ಪೀಕೊ’ ಅಂತ ಇದೆ. ಅಲ್ಲಿ ಮೀರಿ ಕಾದೂ ಕುದಿಯದೆ ಕೂತ ದ್ರವ. ಒಂದು ನ್ಯೂಕ್ಲಿಯಸ್ ಅಲುಗಿದರೆ ಸಾಕು, ಅಲ್ಲೊಂದು ಗುಳ್ಳೆ ಏಳುತ್ತದೆ. ಅದರ ಫೋಟೋ ತೆಗೆಯುತ್ತಾರೆ. ಸದ್ದನ್ನೂ ಕೇಳುತ್ತಾರೆ. ಆಲ್ಫಾ ಕಣ ಎಬ್ಬಿಸಿದ ಗುಳ್ಳೆಯ ಸದ್ದು ಜಾಸ್ತಿ, ನ್ಯೂಕ್ಲಿಯಸ್ ಚಿಮ್ಮಿ ಎದ್ದ ಗುಳ್ಳೆಯದು ಕಡಿಮೆ. ನಮ್ಮ ದೇಶದಲ್ಲೂ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ, ಸುಮಾರು 550 ಮೀಟರ್ ಕೆಳಗೆ, 2017ರಲ್ಲಿ ಒಂದು ಪ್ರಯೋಗಾಲಯ ಶುರುವಾಯಿತು. ಅಲ್ಲಿಯದೂ ಮೀರಿ ಕಾದ ಹನಿಗಳ ಯಂತ್ರವೇ.

ಶಿವಮೊಗ್ಗದವರಿಗೆ: ಡಾಮಾ ಕಂಡದ್ದು ವರ್ಷಕ್ಕೊಮ್ಮೆ ಏರಿ ಇಳಿಯುವ ಎಣಿಕೆ. ಸೂರ್ಯ ನಮ್ಮನ್ನೆಲ್ಲ ಹೊತ್ತು ಸೆಕೆಂಡಿಗೆ 220 ಕಿ.ಮೀ.ಗೂ ಮೀರಿ ಗೆಲಾಕ್ಸಿ ಸುತ್ತುತ್ತಿದ್ದಾನೆ. ಭೂಮಿಯ 30 ಕಿ.ಮೀ. ವೇಗದಲ್ಲಿ ಒಂದು ಪಾಲು ಜೂನ್‌ನಲ್ಲಿ ಅದಕ್ಕೆ ಕೂಡುತ್ತದೆ, ಡಿಸೆಂಬರ್‌ನಲ್ಲಿ ಕಳೆಯುತ್ತದೆ. ಹಾಗಾಗಿ ಜೂನ್‌ನಲ್ಲಿ ತಾಗುವುದು ಜಾಸ್ತಿ ಇರಬೇಕು. ವಾದ ಸರಿಯೇ. ಆದರೆ ಅದೇ ಸೋಡಿಯಂ ಅಯೊಡೈಡ್ ಹರಳನ್ನೇ ಇಟ್ಟು ಕೊರಿಯಾದ ಕೊಸೈನ್‌ನವರು, ಸ್ಪೇನಿನ ಅನಾಯಿಸ್‌ನವರು ಕಾದು ಕೂತರು. ಅವರಿಗೆ ಆ ಏರಿಳಿತ ಕಾಣಲಿಲ್ಲ. ಒಬ್ಬರಿಗೇ ಕಂಡದ್ದಕ್ಕೆ ಕನ್ನಡದಲ್ಲಿ ‘ಪತ್ತೆ’ ಅನ್ನುವುದಿಲ್ಲ.


ಧಾರವಾಡ, ಮಂಗಳವಾರ ರಾತ್ರಿ

‘ಅದಿರು’ ಬಳಸಿದ್ದಕ್ಕೆ ಮೆಚ್ಚಿದೆ. ಅಚ್ಚಗನ್ನಡ. ಗಣಿಯ ಅದಿರೂ ಇದೇ ರೂಪ, ಬೇರೆ ಮಾತು. ಗಣಿಯೊಳಗೆ ಹರಳು ಅದಿರುತ್ತದೆ ಅಂದರೆ ಕವಿಯೂ ಒಪ್ಪುತ್ತಾನೆ.

‘ಚಿಮ್ಮಿಕೆ’ ಒಪ್ಪಲಾರೆ. ಆ ನ್ಯೂಕ್ಲಿಯಸ್ ಎಷ್ಟು ದೂರ ಹೋಗುತ್ತದೆ ಹೇಳಿ. ಚೂರು ಜರುಗಿದ್ದಕ್ಕೆಲ್ಲ ಚಿಮ್ಮಿತು ಅನ್ನಬಾರದು. ಕಾರಂಜಿ ಚಿಮ್ಮುತ್ತದೆ. ಜಿಂಕೆ ಚಿಮ್ಮುತ್ತದೆ. ಇದು ‘ಜರುಗು’.


ಮಲ್ಲೇಶ್ವರ, ಮಂಗಳವಾರ ತಡರಾತ್ರಿ

ದೂರ ಕೇಳಿದರೆ ನೀವು ಗೆದ್ದಿರಿ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಶಕ್ತಿಯೂ ಅಷ್ಟೇ, ಹಾರುವ ಸೊಳ್ಳೆಯದರ ಹತ್ತಾರು ಕೋಟಿಯಲ್ಲೊಂದು ಪಾಲು. ಆದರೆ ವೇಗ? ಹತ್ತು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಿಕ್ಕ ಕ್ಸೆನಾನ್ ನ್ಯೂಕ್ಲಿಯಸ್ ಸೆಕೆಂಡಿಗೆ 100 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಹೊರಡುತ್ತದೆ. ಅಕ್ಕಪಕ್ಕದವು ತಡೆದು ನಿಲ್ಲಿಸಿಬಿಡುತ್ತವೆ, ಅದು ಅದರ ಹಣೆಬರಹ. ಕಿಕ್ಕಿರಿದ ಬಸ್ಸಿನಲ್ಲಿ ಬ್ರೇಕ್ ಹೊಡೆದಾಗ ನಾವೂ ಚಿಮ್ಮುತ್ತೇವೆ, ಮುಂದಿನವನ ಬೆನ್ನಿನವರೆಗೆ.


ಧಾರವಾಡ, ಬುಧವಾರ ಬೆಳಿಗ್ಗೆ

ಸರಿ. ಚಿಮ್ಮಲಿ.


ಕೋಲಾರ, ಬುಧವಾರ ಬೆಳಿಗ್ಗೆ

ಯಾರೂ ಟೀಚರ್ ಕೇಳಿದ ‘ಹಿನ್ನೆಲೆ’ಗೆ ಉತ್ತರ ಕೊಟ್ಟಿಲ್ಲ. ಅವರ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮಲ್ಲಿ ಹಿನ್ನೆಲೆ ಅಂದರೆ ಹಿನ್ನೆಲೆ ಗಾಯಕರು, ಇಲ್ಲಾಂದ್ರೆ ‘ಈ ಹಿನ್ನೆಲೆಯಲ್ಲಿ ಸಭೆ ಕರೆಯಲಾಗಿದೆ’. ಅದನ್ನು ತಡೆಯೋದು ಹೇಗೆ?

ಗಣಿ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಪ್ಪ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದರು. ಕೇಜ್‌ನಲ್ಲಿ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದೆ, ಕೆಳಗೆ ಕಲ್ಲೇ ಬಿಸಿ ಅನ್ನುತ್ತಿದ್ದರು. ಅವರ ಶಿಫ್ಟಿನವರು ‘ಸೈಂಟಿಸ್ಟ್ ಸುರಂಗ’ ಅಂತ ಒಂದರ ಬಗ್ಗೆ ಮಾತಾಡಿಕೊಳ್ಳುತ್ತಿದ್ದರಂತೆ. ದೊಡ್ಡವನಾದ ಮೇಲೆ ಓದಿ ತಿಳಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ, ಇಂಗ್ಲೆಂಡಿನ ಡರಮ್‌ನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣ ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಹಿಡಿದರು. ಎಲ್‌ಝಡ್ ಇರುವುದೂ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿ.ಮೀ. ಕೆಳಗೆ. ನಮ್ಮದು 2001ರಲ್ಲಿ ಮುಚ್ಚಿತು, ಅವರದು ಮಾರನೇ ವರ್ಷ. ಅವರು ನೀರು ಎತ್ತಿ ಮತ್ತೆ ತೆರೆದರು. ನಮ್ಮದರೊಳಗೆ ನೀರು ನಿಂತಿದೆ. ಇದು ಪದಚರ್ಚೆಗೆ ಸೇರಿದ್ದಲ್ಲ, ಹೊಟ್ಟೆಯುರಿಗೆ ಬರೆದೆ.

ಪದಕ್ಕೆ ಬರುತ್ತೇನೆ. ನನ್ನ ಸಲಹೆ ‘ಕಳೆ’. ಗದ್ದೆಯ ಕಳೆ. ಮೇಲೆ ಆಕಾಶದಿಂದ ಮ್ಯುಆನ್ ಕಣಗಳು ಸುರಿಯುತ್ತಲೇ ಇರುತ್ತವೆ, ಅಂಗೈ ಚಾಚಿದರೆ ಹತ್ತಿರ ಹತ್ತಿರ ಸೆಕೆಂಡಿಗೊಂದು. ಅದರ ನಡುವೆ ವರ್ಷಕ್ಕೊಂದೆರಡು ಸಲ ತಾಗುವ ಕಣವನ್ನು ಹುಡುಕುವುದೆಂದರೆ ಆಳೆತ್ತರ ಕಳೆಯಲ್ಲಿ ಒಂದು ಪೈರು ಹುಡುಕಿದ ಹಾಗೆ. ಅದಕ್ಕೇ ನೆಲದಡಿ ಹೋಗುವುದು. ಕಳೆ ಅಂದರೆ ತಡೆಯುವುದೂ ಹೌದು, ಕೀಳುವುದೂ ಹೌದು, ಲೆಕ್ಕದಲ್ಲಿ ಕಳೆಯುವುದೂ ಹೌದು.


ಉಡುಪಿ, ಬುಧವಾರ

‘ಮುಖದಲ್ಲಿ ಕಳೆ ಇದೆ’ ಅಂದರೂ ಕಳೆಯೇ. ವಿಜ್ಞಾನದ ಪದಕ್ಕೆ ಒಂದೇ ಅರ್ಥ ಇರಬೇಕು. ನಾಲ್ಕು ಅರ್ಥದ ಪದ ಗಾದೆಗೆ ಲಾಯಕ್ಕು. ನಮ್ಮ ಯಕ್ಷಗಾನದ ‘ಹಿಮ್ಮೇಳ’ವಾದರೂ ಇದಕ್ಕಿಂತ ವಾಸಿ.


ಮಲ್ಲೇಶ್ವರ, ಬುಧವಾರ

ಹಿಮ್ಮೇಳ ಬೇಡ. ಭಾಗವತರು ಪಾತ್ರವನ್ನು ಕುಣಿಸುತ್ತಾರೆ, ಕೆಡಿಸುವುದಿಲ್ಲ. ‘ಕಳೆ’ ನನಗೆ ಹಿಡಿಸಿತು. ಒಂದು ಕಾರಣ ನಾನೇ ಕೊಡುತ್ತೇನೆ. ಎಲ್ಲಾ ಕಳೆಯೂ ಒಂದೇ ಥರ ಅಲ್ಲ. ಗಾಮಾ ಕಿರಣ ತಾಗಿದರೆ ಎಲೆಕ್ಟ್ರಾನ್ ಚಿಮ್ಮುತ್ತದೆ, ಮರುಮಿಣುಕು ನೋಡಿ ಅದನ್ನು ಬೇರೆ ಮಾಡಬಹುದು. ನ್ಯೂಟ್ರಾನ್ ತಾಗಿದರೆ ನ್ಯೂಕ್ಲಿಯಸ್ಸೇ ಚಿಮ್ಮುತ್ತದೆ. ಅದು ಭತ್ತದ ನಡುವೆ ಭತ್ತದಂತೆಯೇ ಕಾಣುವ ಹುಲ್ಲು, ತೆನೆ ಬರುವವರೆಗೂ ರೈತನಿಗೇ ಮೋಸ. ಕೆಲವು ಕಳೆಯನ್ನು ನಾವೇ ಬಿತ್ತಿಕೊಂಡದ್ದೂ ಉಂಟು. ‘ಕ್ರೆಸ್ಟ್’ ಅನ್ನುವ ಪ್ರಯೋಗದ ಶುರುವಿನಲ್ಲಿ ನೀಲಮಣಿಯ ಹರಳನ್ನು ತೀರಾ ಬಿಗಿಯಾಗಿ ಹಿಡಿದಿಟ್ಟಿದ್ದರು. ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತಾ, ಒಂದೊಂದು ಬಿರುಕೂ ಕಣ ತಾಗಿದ ಹಾಗೆ ಲೆಕ್ಕಕ್ಕೆ ಬರುತ್ತಿತ್ತು. ಹಿಡಿತ ಬದಲಿಸಿದ ಮೇಲೆ ಹೋಯಿತು.

ಸೀಸದ ಗೋಡೆ ಕಟ್ಟುತ್ತಾರೆ, ಆ ಸೀಸದಲ್ಲೇ ಕಳೆ ಇರುತ್ತದೆ. ಹೊಸ ಸೀಸದಲ್ಲಿ ವಿಕಿರಣ ಸೂಸುವ ಸೀಸ-210 ಸೇರಿಕೊಂಡಿರುತ್ತದೆ. ಅದರ ಅರ್ಧಾಯುಸ್ಸು 22 ವರ್ಷ. ಹಾಗಾಗಿ ಹಳೇ ಸೀಸಕ್ಕೆ ಬೆಲೆ. ಗ್ರಾನ್ ಸಾಸೊದ ಇನ್ನೊಂದು ಪ್ರಯೋಗಕ್ಕೆ ಎರಡು ಸಾವಿರ ವರ್ಷ ಕಡಲಡಿ ಬಿದ್ದಿದ್ದ ರೋಮನ್ ಹಡಗಿನ ಸೀಸ ತಂದಿದ್ದರು. ಪದಕ್ಕೂ ಹೀಗೇ ಹಳೇದೇ ಒಳ್ಳೇದು ಅಂತ ಧಾರವಾಡದವರು ಈಗ ಹೇಳುತ್ತಾರೆ, ನೋಡುತ್ತಿರಿ.


ಧಾರವಾಡ, ಬುಧವಾರ

ಹೇಳುತ್ತೇನೆ. ಹಳೇದೇ ಒಳ್ಳೇದು.


ಹೆಬ್ಬಾಳ, ಬುಧವಾರ ಮಧ್ಯಾಹ್ನ

ಮೂರು ದಿನದಿಂದ ಓದುತ್ತಿದ್ದೇನೆ. ಇಷ್ಟೆಲ್ಲ ಯಾಕೆ? ‘ಡಾರ್ಕ್ ಮ್ಯಾಟರ್’ ಅಂತಲೇ ಬರೆಯಿರಿ. ಮಕ್ಕಳು ಮುಂದೆ ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ಓದಬೇಕು. ಕ್ಸೆನಾನ್, ನ್ಯೂಕ್ಲಿಯಸ್, ಟ್ಯೂಬು ಎಲ್ಲ ಬಿಟ್ಟುಕೊಂಡಿರಿ, ಇದೊಂದಕ್ಕೆ ಮಡಿ ಯಾಕೆ?


ಹಾಸನ, ಬುಧವಾರ

ಯಾಕೆಂದರೆ ‘ಮ್ಯಾಟರ್’ ಆಗಲೇ ಕನ್ನಡದಲ್ಲಿ ಕೆಲಸಕ್ಕೆ ಸೇರಿಬಿಟ್ಟಿದೆ ಸ್ವಾಮಿ. ‘ಏನ್ ಮ್ಯಾಟರ್?’ ‘ಮ್ಯಾಟರ್ ಗೊತ್ತಾಯ್ತಾ?’ ಫ್ಲೆಕ್ಸ್ ಅಂಗಡಿಯಲ್ಲೂ ಮ್ಯಾಟರ್. ‘ಡಾರ್ಕ್ ಮ್ಯಾಟರ್ ಹುಡುಕಾಟ’ ಅಂದರೆ ಯಾರದೋ ಕಳ್ಳ ವ್ಯವಹಾರ ಬಯಲಿಗೆಳೆಯುತ್ತಿದ್ದಾರೆ ಅನಿಸುತ್ತದೆ. ಕ್ಸೆನಾನ್‌ಗೆ ನಮ್ಮಲ್ಲಿ ಬೇರೆ ನೌಕರಿ ಇಲ್ಲ, ಅದು ಇರಬಹುದು.


ಧಾರವಾಡ, ಬುಧವಾರ

ಹೆಬ್ಬಾಳದವರಿಗೆ ಉತ್ತರಿಸುವುದಿಲ್ಲ. ಉಡುಪಿಯವರಿಗೆ ಒಂದು ಮಾತು. ದ್ರವ್ಯ, ಕಣ, ಸೀಸ, ತಮಸ್ಸು ಎಲ್ಲ ಎರವಲು. ಎರವಲು ತಂದದ್ದನ್ನು ಒಡವೆ ಅಂತ ತೋರಿಸಬೇಡಿ.


ಉಡುಪಿ, ಬುಧವಾರ

ನೀವು ಮೊದಲ ಓಲೆಯಲ್ಲಿ ಬರೆದ ‘ಪದ’ ಯಾವ ಭಾಷೆಯದು ಮೇಷ್ಟ್ರೇ? ‘ಸೋದರ’? ಆಮೇಲೆ ‘ಕವಿ’? ಇನ್ನು ‘ಪತ್ತೆ’ ಮರಾಠಿ, ಹಿಂದಿ ಕಡೆಯಿಂದ ಬಂದದ್ದು. ಅದರ ಬಗ್ಗೆ ನಿಮ್ಮ ಸೊಲ್ಲೇ ಇಲ್ಲ. ನಿಮ್ಮ ಮಡಿ ಸಂಸ್ಕೃತಕ್ಕೆ ಮಾತ್ರ.


ಧಾರವಾಡ, ಬುಧವಾರ

‘ಪತ್ತೆ’ ನಾನು ಬಳಸಿಲ್ಲ. ಓಲೆಗಳನ್ನು ಮತ್ತೆ ಓದಿ.


ಮಲ್ಲೇಶ್ವರ, ಬುಧವಾರ

ಜಗಳದ ನಡುವೆ ಒಂದು ಮಾತು. ಈ ಹುಡುಕಾಟದಲ್ಲಿರುವ ಇಂಗ್ಲಿಷ್ ಪದಗಳೇನು ಮಡಿಯುಟ್ಟು ಬಂದವಲ್ಲ. ಎಲ್‌ಝಡ್ ಹುಡುಕುವ ಕಣದ ಹೆಸರು ‘ವಿಂಪ್’. ನಾಲ್ಕು ಪದಗಳ ಮೊದಲಕ್ಷರ ಜೋಡಿಸಿ ಮಾಡಿದ್ದು. ಆಡುಮಾತಿನಲ್ಲಿ ವಿಂಪ್ ಅಂದರೆ ಪುಕ್ಕಲ. ಅದಕ್ಕೆ ಎದುರಾಗಿ, ಕಣಗಳೇ ಅಲ್ಲ, ಮಂಕಾದ ದೊಡ್ಡ ಗುಂಡುಗಳು ಇರಬೇಕು ಅಂದವರು ‘ಮ್ಯಾಚೊ’ ಅಂತ ಕರೆದರು, ಅಂದರೆ ಮೀಸೆ ತಿರುವುವ ಗಂಡು. ಇನ್ನೊಂದು ಕಣ ‘ಆಕ್ಸಿಯಾನ್’. ಅದನ್ನು ದೊಡ್ಡ ಕಾಂತದೊಳಗಿನ ಲೋಹದ ಡಬ್ಬದಲ್ಲಿ, ರೇಡಿಯೋ ಸ್ಟೇಷನ್ ಹುಡುಕುವ ಹಾಗೆ ತಿರುಪು ತಿರುವುತ್ತಾ ಹುಡುಕುತ್ತಾರೆ. ಆ ಹೆಸರನ್ನು ಭೌತವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಎತ್ತಿದ್ದು ಬಟ್ಟೆ ಒಗೆಯುವ ಪುಡಿಯ ಡಬ್ಬದಿಂದ. ಅದು ಒಂದು ಸಿದ್ಧಾಂತದ ಕೊಳೆ ತೆಗೆಯಿತು, ಅದಕ್ಕೆ. ಸೋಪಿನ ಪುಡಿಯಿಂದ ಅವರು ಪದ ತೆಗೆದರೆ ನಡೆಯುತ್ತದೆ, ಗದ್ದೆಯಿಂದ ನಾವು ‘ಕಳೆ’ ತೆಗೆದರೆ ನಾಲ್ಕು ಅರ್ಥ ಅಂತ ತಕರಾರು.


ಅರಸೀಕೆರೆ, ಬುಧವಾರ ರಾತ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನು ಕಾಯೋಕೆ ಆಗಲ್ಲ. ಮಕ್ಕಳಿಗೇ ಎಲ್ಲ ಪದ ಓದಿ ಹೇಳಿದೆ. ‘ಚಿಮ್ಮು’ ಕೇಳಿ ಒಬ್ಬ ಬಳಪದ ಚೂರನ್ನು ಬೆರಳಲ್ಲಿ ಚಿಮ್ಮಿ ಇನ್ನೊಬ್ಬನ ತಲೆಗೆ ಹೊಡೆದ, ಆ ಪದ ಪಾಸಾಯಿತು. ‘ಕಳೆ’ಗೆ ಆರಕ್ಕೆ ಆರೂ ಕೈ ಎತ್ತಿದರು, ಎಲ್ಲರೂ ಹೊಲದ ಮನೆಯವರೇ. ‘ತಮೋದ್ರವ್ಯ’ ಎರಡು ಸಲ ಹೇಳಿಸಿದೆ, ಎರಡು ಸಲವೂ ಬೇರೆ ಬೇರೆ ಬಂತು. ‘ನೇರ’ ಅಂದರೆ ಟಿವಿಯ ನೇರಪ್ರಸಾರವಾ ಅಂತ ಕೇಳಿದರು. ಹಾಗಾಗಿ ಅದನ್ನು ಬಿಟ್ಟೆ. ಉಪಗ್ರಹದಿಂದ ನೋಡುವ ಬಳಸುದಾರಿ ಬೇರೆ ಇದೆ, ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕಣ ಡಿಕ್ಕಿ ಹೊಡೆಸಿ ಹುಟ್ಟಿಸುವ ಯತ್ನ ಬೇರೆ ಇದೆ ಅಂತ ಬಾಯಲ್ಲಿ ಹೇಳಿಕೊಡುತ್ತೇನೆ.

ಅಂಗಡಿಗೆ ಕಳಿಸುತ್ತಿರುವುದು ಇದು. ತಲೆಬರಹ: ‘ಕಾಣದ ದ್ರವ್ಯ ತಾಗುವುದನ್ನು ಕಾಯುವ ಯಂತ್ರ’. ಕೆಳಗೆ: ‘ಕಾಣದ ದ್ರವ್ಯದ ಕಣ ತಾಗಿದರೆ ಕ್ಸೆನಾನ್ ನ್ಯೂಕ್ಲಿಯಸ್ ಚಿಮ್ಮುತ್ತದೆ. ಚಿಮ್ಮಿದಲ್ಲಿ ಒಂದು ಮಿಣುಕು, ಮೇಲೆ ಒಂದು ಮರುಮಿಣುಕು. ಬೇರೆ ಕಣಗಳ ಕಳೆ ಕಡಿಮೆ ಇರಲೆಂದು ಯಂತ್ರವನ್ನು ಒಂದೂವರೆ ಕಿ.ಮೀ. ನೆಲದಡಿ ಇಟ್ಟಿದ್ದಾರೆ. ಇದುವರೆಗೆ ಯಾರಿಗೂ ಸಿಕ್ಕಿಲ್ಲ.’ ಕೊನೆಯ ಸಾಲು ಮಕ್ಕಳದ್ದೇ. ಹಾಕಲೇಬೇಕು ಅಂದರು.


ಉಡುಪಿ, ಬುಧವಾರ ರಾತ್ರಿ

ಗಾಳಿಯೂ ಕಾಣದ ದ್ರವ್ಯ. ದಾಖಲೆಗೆ ಇರಲಿ ಅಂತ ಬರೆದೆ.


ಅರಸೀಕೆರೆ, ಶನಿವಾರ ರಾತ್ರಿ

ಮೇಳ ಮುಗಿಯಿತು. ಜನ ಚೆನ್ನಾಗಿ ಬಂದರು. ಫ್ಲೆಕ್ಸ್ ಮಾತ್ರ ಬೆಳಿಗ್ಗೆ ಎಂಟಕ್ಕೆ ಬಂತು, ಬಿಚ್ಚಿ ನೋಡಿದರೆ ತಲೆಬರಹದಲ್ಲಿ ‘ಕಾಣದ ದ್ರವ’. ಟೈಪ್ ಮಾಡಿದವನು ಯ-ಒತ್ತು ನುಂಗಿದ್ದಾನೆ. ಪಕ್ಕದಲ್ಲೇ ನೀರಿನ ಕ್ಯಾನ್ ಬೇರೆ. ಬಂದವರೆಲ್ಲ ಖಾಲಿ ಕ್ಯಾನ್ ನೋಡಿ, ‘ಹೌದಲ್ಲ, ಕಾಣ್ತಾ ಇಲ್ಲ’ ಅಂತ ತಲೆ ಆಡಿಸೋಕೆ ಶುರು ಮಾಡಿದರು. ಆಮೇಲೆ ಕಪ್ಪು ಚಾರ್ಟ್ ಪೇಪರಿನಲ್ಲಿ ಒಂದು ಯ-ಒತ್ತು ಕತ್ತರಿಸಿ ಅಂಟಿಸಿದೆವು. ಗಾಳಿಗೆ ಎರಡು ಸಲ ಬಿತ್ತು.


ಧಾರವಾಡ, ಶನಿವಾರ ರಾತ್ರಿ

‘ಹುರುಳು’ ಅಂತ ಹಾಕಿದ್ದರೆ ಒತ್ತಿನ ಕಾಟವೇ ಇರುತ್ತಿರಲಿಲ್ಲ.